ಟಚಪ್ ಅಕ್ಕ ಪೆಟ್ಟಿಗೆ ಬಿಚ್ಚಿದ್ದು

ಆ ಬೀದಿಯಲ್ಲಿ ಅವಳ ಕೈ ಸೋಕದ ಮುಖವೇ ಇರಲಿಲ್ಲ. ಹಾಗೆಂದು ಅವಳು ಯಾರ ಕೆನ್ನೆಗೂ ಬಾರಿಸಿದವಳಲ್ಲ. ಗಂಡನ ಫೋಟೊ ಸ್ಟುಡಿಯೋದಲ್ಲಿ ನೆಗೆಟಿವ್ ತಿದ್ದುವುದು ಅವಳ ಕೆಲಸ. ಹಿಂದಿನ ಕೋಣೆಯ ಕಿಟಕಿಗೆ ಒರಗಿಸಿದ ಓರೆ ಹಲಗೆ, ನಾಲ್ಕೆಳೆ ಕೂದಲಿನ ಕುಂಚ, ಮುಳ್ಳಿನಂತೆ ಚೂಪು ಮಾಡಿದ ಪೆನ್ಸಿಲ್ಲು, ಅಳಿಸುವ ರಬ್ಬರು, ಒಂದು ಚಿಮುಟ, ಇಷ್ಟೇ ಅವಳ ಬಂಡವಾಳ. ಮೊಡವೆ ಇದ್ದವರ ಮೊಡವೆ ಅಳಿಸಿದ್ದಳು. ದಾರಿಯುದ್ದಕ್ಕೂ ಜಗಳವಾಡಿಕೊಂಡು ಬಂದು ಕ್ಯಾಮೆರಾ ಮುಂದೆ ಕೂತ ಗಂಡಹೆಂಡಿರ ಹುಬ್ಬಿನ ನಡುವಿನ ಗಂಟು ಬಿಡಿಸಿದ್ದಳು. ಜನ ಅವಳನ್ನು ಟಚಪ್ ಅಕ್ಕ ಎಂದೇ ಕರೆಯುತ್ತಿದ್ದರು.

ಈ ಮನೆಗೆ ಅವಳು ಸೇರಿದ್ದೂ ಫೋಟೊದ ದೆಸೆಯಿಂದಲೇ. ಹೊಲಿಗೆ ಪರೀಕ್ಷೆಯ ಅರ್ಜಿಗೆ ಅಂಟಿಸಲು ಫೋಟೊ ಬೇಕೆಂದು ಸ್ಟುಡಿಯೋಕ್ಕೆ ಹೋಗಿದ್ದಳು. ಆಗಷ್ಟೇ ಅಂಗಡಿ ಇಟ್ಟಿದ್ದ ಯುವಕ, "ಸರಿಯಾಗಿ ಬಂದಿಲ್ಲ, ಇನ್ನೊಂದ್ಸಲ ಬನ್ನಿ" ಎಂದ. ಹೋದಳು. "ಕಣ್ಣು ಮುಚ್ಚಿಬಿಟ್ಟಿದೀರ" ಎಂದ. ಮತ್ತೂ ಒಂದು ಸಲ ಕರೆಸಿದಾಗ ಅವಳೇ ಕೇಳಿದಳು: "ನಿಮಗೆ ಫೋಟೊ ತೆಗೆಯೋಕೆ ಬರಲ್ವೋ, ನನ್ನ ಕಳಿಸೋಕೆ ಮನಸ್ಸು ಬರಲ್ವೋ?" ಯುವಕನ ಮುಖ ಫೋಟೊ ತೊಳೆಯುವ ಕತ್ತಲೆಕೋಣೆಯ ಕೆಂಪು ದೀಪಕ್ಕಿಂತ ಕೆಂಪಾಯಿತು. ಪರೀಕ್ಷೆ ಮುಗಿದ ಮೇಲೆ ಮದುವೆಯಾಯಿತು.

ಅಲ್ಲಿಂದ ಮುಂದೆ ಅವನು ಮುಖ ಹಿಡಿಯುವುದು, ಅವಳು ಮುಖ ತಿದ್ದುವುದು, ಅತ್ತೆ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು ಗಿರಾಕಿಗಳಿಗೆ ಬಾಚಣಿಗೆ ಕೊಟ್ಟು ಕಾಲರ್ ಸರಿಮಾಡುವುದು, ಹೀಗೆ ಸಂಸಾರವೂ ಸ್ಟುಡಿಯೋವೂ ಒಂದೇ ಗಾಡಿಯಲ್ಲಿ ಸಾಗಿದವು.

ಆಮೇಲೆ ಫಿಲ್ಮ್ ಸುರುಳಿಗಳ ಕಾಲ ಮುಗಿಯಿತು. ಕತ್ತಲೆಕೋಣೆಗೆ ಬೀಗ ಬಿತ್ತು. ಅದರ ಬದಲು ಮುಂದಿನ ಕೋಣೆಯ ಮೇಜಿನ ಮೇಲೆ ಕಂಪ್ಯೂಟರು ಬಂದು ಕೂತಿತು. ಮೇಲೆ ಪರದೆ, ಕೆಳಗೆ ಕಾಲಿನ ಹತ್ತಿರ ಬೂದುಬಣ್ಣದ ತಗಡಿನ ಪೆಟ್ಟಿಗೆ. ಗಂಡ ತಿಂಗಳುಗಟ್ಟಲೆ ತರಗತಿಗೆ ಹೋಗಿ ಕಲಿತು ಬಂದ. ಪೆಟ್ಟಿಗೆಗೆ ಬಟ್ಟೆಯ ಕವಚ ಹೊಲಿಸಿದ. ಕಸ ಗುಡಿಸುವಾಗ ಪೊರಕೆ ಅದಕ್ಕೆ ತಾಗಿದರೆ ಸಾಕು, ಮಗುವನ್ನು ತುಳಿದರೋ ಎಂಬಂತೆ ಹೌಹಾರಿ ಎದ್ದು ಬರುತ್ತಿದ್ದ.

ಟಚಪ್ ಅಕ್ಕನ ಕುಂಚ ಒಣಗಿತು. ಈಗ ಅವಳಿಗೆ ಉಳಿದದ್ದು ಕತ್ತರಿ ಹಿಡಿದು ಫೋಟೊದ ಅಂಚು ಕತ್ತರಿಸುವ ಕೆಲಸ. ಮುಖಗಳನ್ನು ಗಂಡನೇ ಪರದೆಯ ಮೇಲೆ ತಿದ್ದುತ್ತಿದ್ದ. ಒಳ್ಳೆಯ ಮನುಷ್ಯ, ಬೆಳಕಿನ ಲೆಕ್ಕದಲ್ಲಿ ನಿಸ್ಸೀಮ. ಆದರೆ ತಿದ್ದುವುದು ಅವನ ಜಾಯಮಾನವಲ್ಲ. ಅವನ ಕೈಯಿಂದ ಹೊರಬಿದ್ದ ಮುಖಗಳೆಲ್ಲ ಸಿಪ್ಪೆ ಸುಲಿದ ಮೊಟ್ಟೆಯ ಹಾಗೆ ನುಣ್ಣಗೆ ಇರುತ್ತಿದ್ದವು. ಗಿರಾಕಿಗಳು ಫೋಟೊವನ್ನು ದೂರ ಹಿಡಿದು, ಹತ್ತಿರ ಹಿಡಿದು, "ಇದು ನಾನೇನಾ?" ಎಂದು ಕೇಳುತ್ತಿದ್ದರು.

"ನೀನೇ ಯಾಕೆ ಕೂರಬಾರದು?" ಎಂದು ಅವನೇ ಒಮ್ಮೆ ಕೇಳಿದ. ಅವಳು ಕೂತಳು. ಬೆರಳು ಮರಗಟ್ಟಿದಂತಾಯಿತು. ಯಾವುದನ್ನು ಒತ್ತಿದರೆ ಏನು ಅಳಿಸಿಹೋಗುತ್ತದೋ ಎಂಬ ಹೆದರಿಕೆ. ಹಳೆಯ ಕ್ಯಾಮೆರಾದ ಹೊಟ್ಟೆಯೊಳಗೆ ಏನೇನಿದೆ ಎಂದು ಅವಳಿಗೆ ಗೊತ್ತಿತ್ತು. ನೆಗೆಟಿವನ್ನು ದೊಡ್ಡದು ಮಾಡುವ ಯಂತ್ರದ ಮಸೂರವನ್ನು ಅವಳೇ ಕಳಚಿ ಒರೆಸಿ ಹಾಕುತ್ತಿದ್ದಳು. ಒಳಗೇನಿದೆ ಎಂದು ಗೊತ್ತಿಲ್ಲದ ವಸ್ತುವಿನ ಮೇಲೆ ಅವಳ ಕೈ ಓಡುತ್ತಿರಲಿಲ್ಲ. ಎದ್ದು ಬಂದುಬಿಟ್ಟಳು.

ಪೆಟ್ಟಿಗೆ ಆಗಾಗ ಕೆಡುತ್ತಿತ್ತು. ಕೆಟ್ಟಾಗ ಬರುತ್ತಿದ್ದವನು ಡಬ್ಬಿ ಡಾಕ್ಟರ್. ಡೊಳ್ಳುಹೊಟ್ಟೆಯ, ಸದಾ ನಗುವ ರಿಪೇರಿಯವನು. ಯಾರ ಮನೆಯ ಕಂಪ್ಯೂಟರು ಕೆಟ್ಟರೂ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ತನ್ನ ಅಂಗಡಿಗೆ ಒಯ್ದು, ಸರಿಮಾಡಿ ತಂದು ಕೊಡುತ್ತಿದ್ದ. ಒಂದು ದಿನ ಅವನ ಸ್ಕೂಟರಿನ ಗಾಳಿ ಹೋಗಿತ್ತು. ಡಬ್ಬಿ ಹೊರುವ ಮನಸ್ಸಿಲ್ಲದೆ ಸ್ಟುಡಿಯೋದ ನೆಲದ ಮೇಲೇ ಹಳೆಯ ಪೇಪರ್ ಹಾಸಿ, ಪೆಟ್ಟಿಗೆಯ ಪಕ್ಕದ ತಗಡಿನ ಬಾಗಿಲನ್ನು ಸರಿಸಿದ.

ಕತ್ತರಿ ಹಿಡಿದಿದ್ದ ಟಚಪ್ ಅಕ್ಕ ಎದ್ದು ಬಂದು ಬಗ್ಗಿ ನೋಡಿದಳು. ಮೊದಲು ಕಂಡದ್ದು ಧೂಳು. ಅಟ್ಟದ ಮೂಲೆಯಲ್ಲೂ ಅಷ್ಟು ಧೂಳು ಅವಳು ನೋಡಿರಲಿಲ್ಲ.

"ರೀ, ಮೇಲೆ ಕವಚ ಹೊದಿಸಿ ಒಳಗೆ ಹಾಸಿಗೆ ಹಾಸಿಟ್ಟಿದ್ದೀರಲ್ಲ!" ಎಂದಳು. ಗಂಡ ಕೆಮ್ಮಿದ.

ಡಾಕ್ಟರ್ ಧೂಳು ಕೊಡವಿದ. ಹಸಿರು ಹಲಗೆಯೊಂದು ಕಾಣಿಸಿತು. ಅದರ ಮೇಲೆ ಮೇಲಿನಿಂದ ನೋಡಿದ ಪಟ್ಟಣದ ಹಾಗೆ ಚಿಕ್ಕ ಚಿಕ್ಕ ಮನೆ, ಕಂಬ, ಕಾಲುದಾರಿ. ಪವರ್ ಗುಂಡಿಯ ವೈರು ಕಳಚಿಕೊಂಡದ್ದೇ ರೋಗದ ಮೂಲವೆಂದು ತಿಳಿಯಿತು. ಅದನ್ನು ಸಿಕ್ಕಿಸಬೇಕಾದ ಕಡ್ಡಿಗಳೋ ಅಕ್ಕಿಕಾಳಿಗಿಂತ ಸಣ್ಣವು. ಡಾಕ್ಟರನ ಬೆರಳುಗಳೋ ಬಾಳೆಹಣ್ಣಿನಂಥವು. ಸಿಕ್ಕಿಸಿದ, ಜಾರಿತು. ಮತ್ತೆ ಸಿಕ್ಕಿಸಿದ, ಮತ್ತೆ ಜಾರಿತು. ಅವಳಿಗೆ ನೋಡಿಕೊಂಡಿರಲಾಗಲಿಲ್ಲ. ಒಳಗೆ ಹೋಗಿ ನೆಗೆಟಿವ್ ಹಿಡಿಯುವ ತನ್ನ ಚಿಮುಟ ತಂದಳು. ಉಸಿರು ಬಿಗಿಹಿಡಿದು, ವೈರಿನ ತಲೆಯನ್ನು ಹಿಡಿದು, ಕಡ್ಡಿಯ ಮೇಲೆ ಕೂರಿಸಿದಳು. ಡಾಕ್ಟರ್ ಗುಂಡಿ ಒತ್ತಿದಾಗ ಪೆಟ್ಟಿಗೆ ಗುಂಯ್ ಎಂದು ಎದ್ದಿತು.

ಡಾಕ್ಟರ್ ಅವಳ ಕೈಯನ್ನೂ ಮುಖವನ್ನೂ ನೋಡಿದ. "ಅಕ್ಕಾ, ಇಂಥ ಕೈ ಇಟ್ಕೊಂಡು ಫೋಟೊ ಅಂಚು ಕತ್ತರಿಸ್ತಾ ಕೂತಿದೀರಲ್ಲ! ಬನ್ನಿ ಅಂಗಡಿಗೆ, ನಾನು ಹೇಳ್ಕೊಡ್ತೀನಿ. ನನಗೂ ಒಂದು ಜೊತೆ ಕೈ ಆಗುತ್ತೆ."

ಮಧ್ಯಾಹ್ನದ ಹೊತ್ತು ಸ್ಟುಡಿಯೋಕ್ಕೆ ಹೇಗೂ ಗಿರಾಕಿಗಳು ಕಡಿಮೆ. ಅವಳು ಹೋಗತೊಡಗಿದಳು. ಡಾಕ್ಟರ್ ಪಾಠ ಹೇಳುವವನಲ್ಲ, ಕೈಗೆ ಕೊಟ್ಟುಬಿಡುವವನು. "ಇದು ಪ್ರೊಸೆಸರು ಅಕ್ಕ. ಲೆಕ್ಕ, ಯೋಚನೆ ಎಲ್ಲ ಇದರದ್ದೇ. ಯೋಚನೆ ಜಾಸ್ತಿ ಆದ್ರೆ ತಲೆ ಬಿಸಿ ಆಗುತ್ತಲ್ಲ, ಅದಕ್ಕೇ ನೆತ್ತಿ ಮೇಲೆ ಫ್ಯಾನು. ಫ್ಯಾನ್ ನಿಂತ್ರೆ ಕೆಲಸಾನೂ ನಿಲ್ಲುತ್ತೆ."

"ನಮ್ಮ ಮನೆಯವರಿಗೂ ಒಂದು ಹಾಕಿಸಬೇಕು," ಎಂದಳು.

ಉದ್ದುದ್ದ ಪಟ್ಟಿಯಂಥ ರ‍್ಯಾಮನ್ನು ಅವನು ಅಂಗೈ ಮೇಲಿಟ್ಟಾಗ ಅವಳಿಗೆ ಅದರ ಹೊನ್ನಿನಂಥ ಅಂಚು ಬಹಳ ಹಿಡಿಸಿತು. "ಈಗ ಮಾಡ್ತಿರೋ ಕೆಲಸ ಎಲ್ಲ ಇದರ ಮೇಲೆ ಹರಡ್ಕೊಂಡಿರುತ್ತೆ. ಕರೆಂಟ್ ಹೋಯ್ತೋ, ಎಲ್ಲ ಸ್ವಾಹಾ. ಉಳೀಬೇಕು ಅಂದ್ರೆ ಈ ಹಾರ್ಡ್ ಡಿಸ್ಕಿಗೆ ಹೋಗಿ ಸೇರಬೇಕು."

"ನನ್ನ ಮೇಜು, ನಮ್ಮ ಬೀರು," ಎಂದು ಅವಳು ತಲೆಯಾಡಿಸಿದಳು. "ಮೇಜಿನ ಮೇಲಿರೋದು ಗಾಳಿಗೆ ಹಾರುತ್ತೆ. ಬೀರುವಿನೊಳಗೆ ಇಟ್ಟಿದ್ದು ಉಳಿಯುತ್ತೆ. ಅಷ್ಟೇ ತಾನೆ?"

"ಅಷ್ಟೇ. ಇದನ್ನ ತಿಳ್ಕೊಳ್ಳೋಕೆ ನಾನು ವರ್ಷ ತಗೊಂಡೆ!"

ಕಂಪ್ಯೂಟರು ಏಳದೆ ಬರೀ ಬೀಪ್ ಬೀಪ್ ಎಂದು ಕೂಗು ಹಾಕುತ್ತಿದ್ದರೆ ಹೆಚ್ಚಿನ ಸಲ ರ‍್ಯಾಮಿನ ಅಂಚಿಗೆ ಕೊಳೆ ಕಟ್ಟಿರುತ್ತದೆ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ಸಾಕು ಎಂದು ಅವನು ತೋರಿಸಿಕೊಟ್ಟ. ಅಂದು ಅವಳು ಮನೆಗೆ ಹಾರಿಕೊಂಡೇ ಬಂದಳು. ಜೀವಮಾನವಿಡೀ ಹಿಡಿದ ರಬ್ಬರು! ಆ ಪೆಟ್ಟಿಗೆಯೊಳಗೂ ಅದಕ್ಕೆ ಕೆಲಸವಿದೆ!

ಅತ್ತೆಗೆ ಇದೆಲ್ಲದರ ವರದಿ ದಿನವೂ ಒಪ್ಪಿಸಬೇಕಿತ್ತು. ಹಸಿರು ಹಲಗೆಗೆ ಮದರ್‌ಬೋರ್ಡ್ ಎನ್ನುತ್ತಾರೆ, ಎಲ್ಲರನ್ನೂ ಮಡಿಲಲ್ಲಿ ಕೂರಿಸಿಕೊಂಡವಳು ಅವಳೇ ಎಂದಾಗ ಮುದುಕಿ ಕಣ್ಣು ಕಿರಿದು ಮಾಡಿದಳು.

"ತಾಯಿ ಇದಾಳೆ, ಸರಿ. ಅತ್ತೆ ಇಲ್ವೇನೇ ಅದರೊಳಗೆ?"

"ಇದಾರಲ್ಲ! ಹಿಂದಿನ ಮೂಲೇಲಿ ಒಂದು ಉಕ್ಕಿನ ಡಬ್ಬಿ. ಪವರ್ ಸಪ್ಲೈ ಅಂತ. ಅದು ಬಡಿಸಿದ್ರೇನೇ ಉಳಿದವರಿಗೆಲ್ಲ ಊಟ. ಯಾರಿಗೆ ಎಷ್ಟು ಅಂತ ಅಳೆದು ಕೊಡುತ್ತೆ. ಸದಾ ಗುರ್ ಅಂತಿರುತ್ತೆ. ಬಿಸಿ ಬೇರೆ."

ಅತ್ತೆ ನಕ್ಕ ರಭಸಕ್ಕೆ ಬೆಂಚು ಅಲ್ಲಾಡಿತು.

ಒಳಗನ್ನು ಕಂಡ ಮೇಲೆ ಹೊರಗಿನ ಹೆದರಿಕೆ ತಾನಾಗಿಯೇ ಬಿಟ್ಟಿತು. ಗುಂಡಿ ಒತ್ತಿದರೆ ಎಲ್ಲಿಂದ ಎಲ್ಲಿಗೆ ಏನು ಹೋಗುತ್ತದೆ ಎಂದು ಈಗ ಅವಳಿಗೆ ಗೊತ್ತು. ಒಂದು ಬೆಳಿಗ್ಗೆ ಯಾರೂ ಕರೆಯದೆಯೇ ಹೋಗಿ ಪರದೆಯ ಮುಂದೆ ಕೂತು ಮೌಸ್ ಹಿಡಿದಳು. ಮೊದಮೊದಲು ಸೋಪಿನ ತುಂಡಿನಂತೆ ಜಾರಿತು. ಆಮೇಲೆ ಕೈ ಪಳಗಿತು. ಮದುಮಗಳೊಬ್ಬಳ ಕಣ್ಣಿನ ಕೆಳಗಿನ ಕಪ್ಪನ್ನು ಅವಳು ಅಳಿಸಿದ್ದು ಹೇಗೆಂದರೆ, ಅಳಿಸಿದ್ದೇ ಗೊತ್ತಾಗಲಿಲ್ಲ. ಹುಡುಗಿ ಚೆನ್ನಾಗಿ ನಿದ್ದೆ ಮಾಡಿ ಎದ್ದಂತಿತ್ತು. ಗಂಡ ಹಿಂದೆ ನಿಂತು ನೋಡಿದ. ಕುರ್ಚಿಯನ್ನು ಅವಳ ಎತ್ತರಕ್ಕೆ ಸರಿಮಾಡಿಕೊಟ್ಟು, ಕ್ಯಾಮೆರಾ ಒರೆಸಲು ಹೋದ. ಅವನಿಗೂ ಒಂದು ಭಾರ ಇಳಿದಂತಾಗಿತ್ತು.

ಹೀಗಿರುವಾಗ ಹೈಸ್ಕೂಲಿನ ಹೆಡ್‌ಮಾಸ್ತರು ಬಂದರು. ನಿವೃತ್ತಿ ಹತ್ತಿರ ಬಂದಿತ್ತು. ಶಾಲೆಯ ಪಡಸಾಲೆಯಲ್ಲಿ ಹಿಂದಿನ ಹೆಡ್‌ಮಾಸ್ತರರ ಫೋಟೊಗಳ ಸಾಲಿದೆ, ಅದರ ಕೊನೆಗೆ ಇವರದ್ದೂ ಏರಬೇಕು. ಫೋಟೊ ತೆಗೆಸಿಕೊಂಡ ಮೇಲೂ ಅವರು ಹೊರಡಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು:

"ಅಮ್ಮಾ, ಆ ಸಾಲಿನಲ್ಲಿ ಇರೋರಿಗೆಲ್ಲ ಕೂದಲಿದೆ. ನಾನು ಕೆಲಸಕ್ಕೆ ಸೇರಿದಾಗ ನನಗೂ ಇತ್ತು. ಸುಳ್ಳಲ್ಲ."

"ಎಷ್ಟಿತ್ತು ಸಾರ್?"

"ಧಾರಾಳವಾಗಿತ್ತು," ಎಂದರು ಹೆಡ್‌ಮಾಸ್ತರು, ಹಣೆಯ ಮೇಲಿನಿಂದ ಹಿಂದಕ್ಕೆ ಕೈಯಾಡಿಸುತ್ತ. "ಹೀಗೆ, ಅಲೆ ಅಲೆಯಾಗಿ."

ಬೀಳ್ಕೊಡುಗೆಯ ದಿನ ಬೆಳಿಗ್ಗೆಯಿಂದ ಟಚಪ್ ಅಕ್ಕ ಕೂದಲು ಬೆಳೆಸಲು ಕೂತಳು. ಒಂದೊಂದೇ ಎಳೆ. ಕಿವಿಯ ಮೇಲೆ ನರೆ, ನೆತ್ತಿಗೆ ಹೋದಂತೆ ಕಪ್ಪು, ನಡುವೆ ಬೈತಲೆಯ ಗೆರೆ, ಗೆರೆಯ ಪಕ್ಕ ಬೆಳಕು ಬಿದ್ದ ಅಲೆ. ಊಟದ ಹೊತ್ತು ದಾಟಿದ್ದೂ ತಿಳಿಯಲಿಲ್ಲ. ಹೊರಗೆ ಮೋಡ ಕವಿದು ಗುಡುಗು ಶುರುವಾಗಿದ್ದೂ ತಿಳಿಯಲಿಲ್ಲ. ಕೊನೆಯ ಅಲೆ ಬಾಚುತ್ತಿದ್ದಾಗ ಬೀದಿಯ ತುದಿಯಲ್ಲೇ ಸಿಡಿಲು ಬಡಿದಂತೆ ಸದ್ದಾಯಿತು. ಕಾಲ ಬಳಿ ಫಟ್ ಎಂದಿತು. ಪರದೆ ಕಪ್ಪಾಯಿತು.

ಗಂಡ ಓಡಿ ಬಂದ. ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಅವನು ತಲೆಯ ಮೇಲೆ ಕೈಹೊತ್ತು ನೆಲದ ಮೇಲೇ ಕೂತುಬಿಟ್ಟ. "ಮುಗೀತು. ಎಲ್ಲ ಮುಗೀತು. ಸಾವಿರಾರು ಜನರ ಫೋಟೊ ಇತ್ತಲ್ಲೇ ಅದರೊಳಗೆ..."

ಅವಳು ಮೊದಲು ಗೋಡೆಯಿಂದ ವೈರು ಕಿತ್ತಳು. ಆಮೇಲೆ ಡಬ್ಬಿ ಡಾಕ್ಟರನಿಗೆ ಫೋನ್ ಹಚ್ಚಿದಳು. ಅವನು ಊರಲ್ಲಿರಲಿಲ್ಲ; ಭಾವಮೈದುನನ ಮದುವೆಗೆ ಹೋಗಿದ್ದ. ಹಿಂದಿನಿಂದ ವಾದ್ಯದ ಗದ್ದಲ ಕೇಳುತ್ತಿತ್ತು.

"ವಾಸನೆ ಎಲ್ಲಿಂದ ಬರ್ತಿದೆ ನೋಡಿ ಅಕ್ಕಾ," ಎಂದು ಅವನು ಕೂಗಿ ಹೇಳಿದ. "ಬಾಗಿಲು ಬಿಚ್ಚಿ, ಮೂಗು ಹತ್ರ ಇಡಿ!"

ಅವಳು ಬಾಗಿಲು ಸರಿಸಿ ಮೂಸಿದಳು. ಹಸಿರು ಹಲಗೆ ಮೂಸಿದಳು, ಡಿಸ್ಕು ಮೂಸಿದಳು, ಹಿಂದಿನ ಮೂಲೆ ಮೂಸಿದಳು. "ಪವರ್ ಸಪ್ಲೈ ಡಾಕ್ಟ್ರೇ. ಬೇರೆ ಕಡೆ ವಾಸನೆ ಇಲ್ಲ."

"ಹಾಗಾದ್ರೆ ಹೆದರಬೇಡಿ. ಬೇರೆಯವರ ಮೇಲೆ ಬೀಳಬೇಕಾದ ಏಟು ಅದೇ ತಿಂದಿರಬೇಕು. ನಮ್ಮ ಮನೇಲಿ ನಮ್ಮಮ್ಮ ಇದಾಳೆ, ಅಂಗಡಿ ತೆಗೆಸಿ ಹೊಸದೊಂದು ತಗೊಳ್ಳಿ. ನೀವೇ ಹಾಕಿ. ಆದ್ರೆ ಆ ಡಬ್ಬೀನೇ ಬಿಚ್ಚಿ ನೋಡೋಕೆ ಹೋಗಬೇಡಿ. ವೈರು ಕಿತ್ತಮೇಲೂ ಅದರ ಹೊಟ್ಟೇಲಿ ಸಿಟ್ಟು ಇರುತ್ತೆ."

ಬಾಗಿಲಲ್ಲಿ ಅತ್ತೆ ನಿಂತಿದ್ದಳು. "ಏನಂತೆ?"

"ಪವರ್ ಸಪ್ಲೈ ಹೋಗಿದೆ ಅತ್ತೆ."

"ಅಂದ್ರೆ ಅತ್ತೆ ಹೋದ್ಲು ಅನ್ನು!"

"ಅಯ್ಯೋ, ಬಿಡ್ತು ಅನ್ನಿ!" ಎಂದು ಗಂಡಹೆಂಡಿರಿಬ್ಬರೂ ಒಟ್ಟಿಗೇ ಕೂಗಿದರು. ಅಷ್ಟು ಹೊತ್ತಿನ ಮೇಲೆ ಮೂವರಿಗೂ ನಗು ಬಂತು.

ಗಂಡ ಮಳೆಯಲ್ಲೇ ಹೋಗಿ ಹೊಸ ಡಬ್ಬಿಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ತಂದ. ಸಿಡಿಲಿಗೆ ಹೋಗಿದ್ದ ಕರೆಂಟೂ ಅಷ್ಟರಲ್ಲಿ ಮರಳಿ ಬಂದಿತ್ತು. ಟಚಪ್ ಅಕ್ಕ ಹಳೆಯದರ ಸ್ಕ್ರೂ ಬಿಚ್ಚಿ ಹೊರಗೆಳೆದಳು. ಹೊಸದನ್ನು ಅದೇ ಮೂಲೆಯಲ್ಲಿ ಕೂರಿಸಿದಳು. ಗಂಡ ಟಾರ್ಚ್ ಹಿಡಿದಿದ್ದ. ಅವನು ಬಾಗಿ ಬಾಗಿ ಇಣುಕುವಾಗ ಬೆಳಕು ಗೋಡೆಯ ಮೇಲೆಲ್ಲ ಕುಣಿಯುತ್ತಿತ್ತು. "ಎಷ್ಟೊಂದು ವೈರು! ಯಾವುದು ಎಲ್ಲಿಗೆ ಅಂತ ಹೇಗೆ ಗೊತ್ತಾಗುತ್ತೆ?"

"ಒಂದೊಂದರ ಬಾಯಿ ಒಂದೊಂದು ಥರ ರೀ. ಉಲ್ಟಾ ಹಾಕೋಣ ಅಂದ್ರೂ ಹೋಗಲ್ಲ. ಬೆಳಕು ಈ ಕಡೆ ಬಿಡಿ, ಗೋಡೆಯ ಫೋಟೊ ತೆಗೀಬೇಕಾಗಿಲ್ಲ."

ಅಗಲವಾದ ದೊಡ್ಡ ಪ್ಲಗ್ಗು ಹಲಗೆಗೆ ಹೋಯಿತು, ಚಪ್ಪಟೆಯದು ಡಿಸ್ಕಿಗೆ ಹೋಯಿತು. ಗುಂಡಿ ಒತ್ತಿದಳು. ಫ್ಯಾನುಗಳು ತಿರುಗಿದವು. ಗಂಡ ಕೈ ಮುಗಿದ. ಆದರೆ ಪರದೆ ಕಪ್ಪಗೇ ಉಳಿಯಿತು. ಕಾದರು. ಕಪ್ಪೇ. ಗಂಡನ ಮುಖವೂ ಕಪ್ಪಿಟ್ಟಿತು.

ಅವಳು ಆರಿಸಿದಳು, ವೈರು ಕಿತ್ತಳು, ಗಲ್ಲಕ್ಕೆ ಕೈಕೊಟ್ಟು ಒಳಗೆ ನೋಡುತ್ತ ಕೂತಳು. ಎಲ್ಲರಿಗೂ ಬಡಿಸಿದ್ದೇನೆ, ಆದರೂ ಮನೆ ಏಳುತ್ತಿಲ್ಲ. ಯಾರನ್ನು ಮರೆತೆ? ಬೆರಳಿಟ್ಟು ಒಬ್ಬೊಬ್ಬರನ್ನಾಗಿ ಎಣಿಸುತ್ತ ಹೋದಾಗ ಪ್ರೊಸೆಸರಿನ ಪಕ್ಕದಲ್ಲಿ ಖಾಲಿ ಉಳಿದ ಪುಟ್ಟ ಚೌಕದ ಬಾಯಿ ಕಣ್ಣಿಗೆ ಬಿತ್ತು. ಅದಕ್ಕೆ ಬೇರೆಯೇ ಒಂದು ಪ್ಲಗ್ಗು. ವೈರುಗಳ ಗೊಂಚಲಿನ ಹಿಂದೆ ಅಡಗಿ ಕೂತಿತ್ತು.

"ತಲೆಗೇ ಊಟ ಹಾಕಿಲ್ಲ ನೋಡಿ!" ಎಂದು ತನ್ನ ಹಣೆ ತಾನೇ ತಟ್ಟಿಕೊಂಡು ಅದನ್ನು ಸಿಕ್ಕಿಸಿದಳು. ಟಕ್ ಎಂದಿತು. ಈ ಸಲ ಗುಂಡಿ ಒತ್ತಿದಾಗ ಪೆಟ್ಟಿಗೆ ಒಮ್ಮೆ ಚಿಕ್ಕದಾಗಿ ಬೀಪ್ ಎಂದಿತು, ಪರದೆಯ ಮೇಲೆ ಬಿಳಿಯ ಅಕ್ಷರಗಳು ಓಡಿದವು. ಮದುಮಗಳು, ಕೂಸುಗಳು, ಕುಟುಂಬಗಳು, ಎಲ್ಲರೂ ಇದ್ದ ಜಾಗದಲ್ಲೇ ಇದ್ದರು. ಗಂಡ ಅವಳ ಭುಜ ಹಿಡಿದು ಅಲ್ಲಾಡಿಸಿದ.

ಹೆಡ್‌ಮಾಸ್ತರರ ಫೋಟೊ ತೆರೆದಳು. ತಲೆ ತೊಳೆದ ತಟ್ಟೆಯ ಹಾಗೆ ಹೊಳೆಯುತ್ತಿತ್ತು.

"ಕೂದಲೆಲ್ಲಿ?" ಎಂದ ಗಂಡ.

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಬೆಳಿಗ್ಗೆಯಿಂದ ಒಂದು ಸಲವಾದರೂ ಸೇವ್ ಮಾಡಿರಲಿಲ್ಲ. "ತಲೆ ಡಿಸ್ಕಲ್ಲಿತ್ತು ರೀ. ಕೂದಲು ರ‍್ಯಾಮಲ್ಲಿತ್ತು. ತಲೆ ಉಳೀತು, ಕೂದಲು ಹೋಯ್ತು."

"ಊರಿಗೆಲ್ಲ ಹೇಳ್ತಿದ್ದೆಯಲ್ಲ, ಮೇಜಿನ ಮೇಲಿರೋದು ಹಾರುತ್ತೆ, ಬೀರುವಿನಲ್ಲಿರೋದು ಉಳಿಯುತ್ತೆ ಅಂತ?"

"ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ," ಎಂದು ಅತ್ತೆ ಬೆಂಚಿನಿಂದಲೇ ತೀರ್ಪು ಕೊಟ್ಟಳು.

ಸಂಜೆ ಹೆಡ್‌ಮಾಸ್ತರು ಬೀಳ್ಕೊಡುಗೆಗೆ ಹೊರಡುವ ಮುನ್ನ ಫೋಟೊ ಒಯ್ಯಲು ಬರುವಷ್ಟರಲ್ಲಿ ಮತ್ತೆ ಕೂದಲು ಬೆಳೆಯಬೇಕಿತ್ತು. ಗಂಡ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತ. ಅವಳು ಎರಡು ಎಳೆ ಬರೆಯುವುದಕ್ಕಿಲ್ಲ, "ಸೇವ್ ಮಾಡಿದ್ಯಾ?" ಎನ್ನುತ್ತಿದ್ದ. ಬೆಳಗ್ಗಿನ ಅಲೆಗಳಿಗಿಂತ ಸಂಜೆಯ ಅಲೆಗಳೇ ಚೆನ್ನಾಗಿ ಬಂದವು. ದಾರಿ ಕೈಗೆ ಗೊತ್ತಿತ್ತಲ್ಲ. ಹೆಡ್‌ಮಾಸ್ತರು ಫೋಟೊವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಕಣ್ಣು ಒರೆಸಿಕೊಂಡು, "ಇದೇ. ಹೀಗೇ ಇತ್ತು," ಎಂದರು.

ಕೆಲವು ದಿನ ಕಳೆದ ಮೇಲೆ ಅವರು ಮತ್ತೆ ಸ್ಟುಡಿಯೋದ ಬಾಗಿಲಲ್ಲಿ ನಿಂತಿದ್ದರು. ಮುಖದಲ್ಲಿ ಒಂಥರಾ ನಾಚಿಕೆ.

"ಅಮ್ಮಾ, ನನ್ನ ಬೋಳುತಲೆ ಇನ್ನೂ ಇದೆಯಾ?"

"ಇದೆ ಸಾರ್, ಡಿಸ್ಕಲ್ಲಿ ಭದ್ರವಾಗಿದೆ. ಯಾಕೆ?"

"ಮಕ್ಕಳು ಆ ಫೋಟೊ ಮುಂದೆ ನಿಂತು, ಇವರು ಯಾವ ಕಾಲದಲ್ಲಿ ಹೆಡ್‌ಮಾಸ್ತರಾಗಿದ್ರು ಅಂತ ಕೇಳ್ತಿದಾರಂತೆ. ನಿನ್ನೆ ಮೊನ್ನೆವರೆಗೂ ನನ್ನ ಹತ್ರ ಬೈಸಿಕೊಂಡೋರು! ನನ್ನನ್ನೇ ಗುರುತಿಸಲ್ಲ ಅಂದ್ರೆ ಆ ಕೂದಲು ಯಾತಕ್ಕೆ? ಬೋಳೇ ಹಾಕಿಕೊಡಿ."

ಫೋಟೊ ಅಚ್ಚಾಗುವವರೆಗೆ ಕೂತು ಮಾತಾಡಿದರು. ಸಿಡಿಲಿನ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, ಶಾಲೆಯ ಒಂದು ಕೋಣೆಯಲ್ಲಿ ಕೆಟ್ಟ ಕಂಪ್ಯೂಟರುಗಳ ರಾಶಿಯೇ ಬಿದ್ದಿದೆ, ಮಕ್ಕಳಿಗೆ ಅದರ ಒಳಗೇನಿದೆ ಎಂದಾದರೂ ಬಿಚ್ಚಿ ತೋರಿಸುವಿರಾ ಎಂದು ಕೇಳಿದರು. ಹೊಸ ಹೆಡ್‌ಮಾಸ್ತರಿಗೆ ತಾನೇ ಹೇಳುತ್ತೇನೆ ಎಂದರು. ಟಚಪ್ ಅಕ್ಕ ಗಂಡನ ಮುಖ ನೋಡಿದಳು. "ನಾನು ಟೀಚರಾ?"

"ಮನೇಲಿ ದಿನಾ ಅದೇ ತಾನೆ ಆಗಿರೋದು," ಎಂದ ಗಂಡ.

ಅಂದಿನಿಂದ ರಜೆಯ ದಿನಗಳಲ್ಲಿ ಅವಳು ಶಾಲೆಗೆ ಹೋಗುತ್ತಾಳೆ, ಬಿಡುವಿದ್ದರೆ ಡಬ್ಬಿ ಡಾಕ್ಟರನೂ ಜೊತೆಗೆ ಬರುತ್ತಾನೆ. ಮೊದಲ ದಿನ ಮಕ್ಕಳು ದೂರ ನಿಂತಿದ್ದರು. ಮುಟ್ಟಿದರೆ ಬೈಯುತ್ತಾರೆ ಎಂದೇ ಅವರಿಗೆ ಇಷ್ಟು ದಿನ ಹೇಳಿಕೊಟ್ಟಿದ್ದು. ಅವಳು ಸ್ಕ್ರೂಡ್ರೈವರನ್ನು ಅವರ ಕೈಗೇ ಕೊಟ್ಟಳು. ಒಂದರ ರ‍್ಯಾಮು, ಇನ್ನೊಂದರ ಡಿಸ್ಕು, ಮತ್ತೊಂದರ ಫ್ಯಾನು ಸೇರಿಸಿ, ಅಂಚು ಉಜ್ಜಿ, ಧೂಳು ಊದಿ, ಸೀನಿ, ನಕ್ಕು, ಕೆಲವು ವಾರಗಳಲ್ಲಿ ಒಂದು ಇಡೀ ಕಂಪ್ಯೂಟರು ಜೋಡಿಸಿದರು. ಗುಂಡಿ ಒತ್ತುವವರು ಯಾರು ಎಂಬ ಜಗಳ ಬಗೆಹರಿಯದೆ ಎಲ್ಲರೂ ಬೆರಳಿನ ಮೇಲೆ ಬೆರಳಿಟ್ಟು ಒಟ್ಟಿಗೇ ಒತ್ತಿದರು. ಪೆಟ್ಟಿಗೆ ಎದ್ದಿತು. ಕಿರುಚಾಟಕ್ಕೆ ಕಿಟಕಿಯ ಮೇಲಿನ ಪಾರಿವಾಳಗಳು ಹಾರಿದವು.

ಎರಡು ಜಡೆಯ ಹುಡುಗಿಯೊಬ್ಬಳು ಮಾತ್ರ ಪರದೆಯ ಮೂಲೆಯನ್ನೇ ನೋಡುತ್ತಿದ್ದಳು. "ಟೀಚರ್, ಇದರಲ್ಲಿರೋ ತಾರೀಖು ನೋಡಿ. ನಾವಿನ್ನೂ ಹುಟ್ಟೇ ಇಲ್ಲ!"

"ಹಾಗಾದ್ರೆ ನಮಗೆ ಹೋಂವರ್ಕೂ ಇಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಟಚಪ್ ಅಕ್ಕ ನಕ್ಕೂ ನಕ್ಕೂ ಸಾಕಾಗಿ, ಕಂಪ್ಯೂಟರ್ ಆರಿಸಿ, ಗೋಡೆಯ ವೈರು ಕಿತ್ತು, ಬಾಗಿಲನ್ನು ಮತ್ತೆ ಸರಿಸಿದಳು. ಹಸಿರು ಹಲಗೆಯ ಮೇಲೆ ಗುಂಡಗೆ, ಕೋಟಿನ ಗುಂಡಿಯಂತೆ ಕೂತಿದ್ದ ಪುಟ್ಟ ಬ್ಯಾಟರಿಯನ್ನು ತೋರಿಸಿದಳು.

"ಕರೆಂಟ್ ಇಲ್ಲದಾಗಲೂ ದಿನ ಎಣಿಸ್ತಾ ಕೂರೋದು ಇದು. ಪಾಪ, ಕಾದು ಕಾದು ಸತ್ತುಹೋಗಿದೆ. ವಾಚ್ ಅಂಗಡೀಲಿ ಇಂಥದ್ದೇ ಸಿಗುತ್ತೆ. ಈಗ ಯಾರ ಕೈ ಸಣ್ಣದಿದೆ? ಬನ್ನಿ, ಇದನ್ನ ಎಬ್ಬಿಸಿ ತೆಗೀರಿ ನೋಡೋಣ."

ಒಟ್ಟಿಗೇ ಹತ್ತಾರು ಕೈಗಳು ಮುಂದೆ ಬಂದವು.